ಕರಡಿಮರಿಯಾಕಾರದ ನಿದ್ದೆ

೨೦೨೪ನೇ ಇಸವಿಯಲ್ಲಿ, ನನಗೆ ಐವತ್ಮೂರು ತುಂಬಿದ್ದಾಗ, ನಿದ್ದೆಯೂ ಡಬ್ಬಿಯಲ್ಲಿ ದೊರೆಯುತ್ತದೆಂಬುದು ತಿಳಿಯಿತು. ಹಸಿವಾದರೆ ಊಟ, ಬಾಯಾರಿದರೆ ನೀರು, ಕತ್ತಲಾದರೆ ನಿದ್ದೆ; ಈ ಮೂರನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲವೆಂದು, ಮೇಷ್ಟರಾಗಿದ್ದಷ್ಟು ಕಾಲವೂ ನಾನು ನಂಬಿದ್ದೆ. ಉಳಿದುದೆಲ್ಲವನ್ನೂ ನಾನೇ ಕಲಿಸಬೇಕೆಂಬುದು ಅದರ ಜೊತೆಗಿದ್ದ ಇನ್ನೊಂದು ನಂಬಿಕೆ.

ಸ್ವಯಂನಿವೃತ್ತಿ ಪಡೆದು ನಾನು ನೆಲೆಸಿರುವುದು ಅಜ್ಜಂಪುರದಲ್ಲಿ. ಮಗಳು ವಸುಧಾ ಹಿಂದಿನ ಬೀದಿಯಲ್ಲಿದ್ದಾಳೆ. ಅವಳ ಗಂಡ ಲೋಕೇಶ ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುತ್ತಾನೆ, ಅವಳಿಗೂ ಕೆಲಸವಿದೆ. ಆದ್ದರಿಂದ ನಾಲ್ಕು ವರ್ಷದ ಮೊಮ್ಮಗಳು ನಿಧಿ ಎಲ್‌ಕೆಜಿ ಮುಗಿಸಿ ನಮ್ಮಲ್ಲಿಗೆ ಬಂದು, ಸಂಜೆ ಅವರಲ್ಲಿಗೆ ಹೋಗುತ್ತಾಳೆ. ನಮ್ಮಲ್ಲಿ ಬಂಗಾರದಂಥ ಮಗು. ಅಲ್ಲಿಗೆ ಹೋದರೆ ಸರಿರಾತ್ರಿಯವರೆಗೂ ಕಣ್ಣು ಮುಚ್ಚುವುದಿಲ್ಲವಂತೆ. ಸಾಕುವ ಕ್ರಮ ಬಲ್ಲವರಿಗೂ ಅರಿಯದವರಿಗೂ ಇರುವ ವ್ಯತ್ಯಾಸವಿದು ಎಂದು ನಾನು ಬೀಗಿದ್ದುಂಟು.

ಒಂದು ಸಂಜೆ ವಸುಧಾ ಬಣ್ಣದ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟಳು. ಲೋಕೇಶ ಮೊಬೈಲಿನಲ್ಲಿ ತರಿಸಿದ್ದು. ಒಳಗೆ ಸ್ಟ್ರಾಬೆರಿ ರುಚಿಯ, ಕರಡಿಮರಿಯಾಕಾರದ ಜೆಲ್ಲಿಗಳು.

"ಮೆಲಟೋನಿನ್ ಅಂತೆ ಅಪ್ಪ. ಒಂದು ಕೊಟ್ರೆ ಮಗು ಮಲಗ್ಬಿಡುತ್ತಂತೆ. ನಾನು ಒಂದು ರಾತ್ರಿ ನೆಟ್ಟಗೆ ಮಲಗಿ ಎಷ್ಟ್ ದಿನ ಆಯ್ತೋ."

ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನಾನು ಕಂಡೆ. ಆದರೂ ಉಪನ್ಯಾಸವನ್ನು ತಡೆಯಲಾಗಲಿಲ್ಲ. ಕತ್ತಲಾದರೆ ಈ ವಸ್ತುವನ್ನು ದೇಹವೇ ತಯಾರಿಸುತ್ತದೆ. ನಿಮ್ಮ ಮನೆಯಲ್ಲಿ ಕತ್ತಲಾಗುವುದೇ ಇಲ್ಲವಲ್ಲ, ಎಂದೆ. ಹಾಲ್‌ನಲ್ಲಿ ಧಾರಾವಾಹಿಯ ಅತ್ತೆ ಅರಚುತ್ತಿರುತ್ತಾಳೆ, ಅಳಿಯನ ಅಂಗೈಯಲ್ಲಿ ಮೊಬೈಲು ಬೆಳಗುತ್ತಿರುತ್ತದೆ, ಇವೆರಡರ ನಡುವೆ ಮಗುವೊಂದೇ ಮಲಗಬೇಕು. ಬೆಳಿಗ್ಗೆ ಚುರುಕಾಗಲು ಹಾಲಿಗೆ ಪುಡಿ, ರಾತ್ರಿ ಮಂಕಾಗಲು ಬಾಯಿಗೆ ಕರಡಿ. ಮಗುವೇನು ನಿಮ್ಮ ಅಂಗಡಿಯ ಮೋಟರೇ, ಎಂದು ಮುಗಿಸಿದೆ.

"ಮೋಟ್ರಿಗಾದ್ರೆ ಸ್ವಿಚ್ಚಾದ್ರೂ ಇರುತ್ತೆ ಮಾವ" ಎಂದ, ಅವಳ ಹಿಂದೆಯೇ ಬಂದು ನಿಂತಿದ್ದ ಲೋಕೇಶ.

ಮೊದಲು ತರೀಕೆರೆಯ ಮಕ್ಕಳ ಡಾಕ್ಟರನ್ನು ಕೇಳುವುದೆಂದು ತೀರ್ಮಾನವಾಯಿತು. ನಾನೂ ಹೊರಟೆ. ಡಾಕ್ಟರ್ ನಸ್ರೀನ್ ನನ್ನ ಹಳೆಯ ವಿದ್ಯಾರ್ಥಿನಿ. ತೀರ್ಪು ನನ್ನ ಕಡೆಗೇ ಎಂಬ ಭರವಸೆಯಿತ್ತು. ನನ್ನನ್ನು ಕಂಡು ಆಕೆ ಎದ್ದು ನಿಂತಾಗ ಅದು ಇಮ್ಮಡಿಯಾಯಿತು. ಮಗಳು ಮೇಜಿನ ಮೇಲಿಟ್ಟ ಡಬ್ಬಿಯನ್ನು ನೋಡಿ, ಇದು ಮಿಠಾಯಿಯಲ್ಲ, ಕೆಲವು ಮಕ್ಕಳಿಗೆ ಬೇಕಾಗುವುದುಂಟು, ಆದರೆ ಡಾಕ್ಟರು ನೋಡಿ ಹೇಳಿದ ಮೇಲೆ ಎಂದರು. ನಾನು ಅಳಿಯನತ್ತ ನೋಡಿದೆ. ಊಟವಾದ ಮೇಲೆ ಟಿವಿ, ಮೊಬೈಲು ಬಂದ್ ಎಂದರು. ಮತ್ತೊಮ್ಮೆ ನೋಡಿದೆ. ಆಮೇಲೆ ಮಗುವಿನತ್ತ ಬಾಗಿ, ಮಧ್ಯಾಹ್ನ ಏನು ಮಾಡುತ್ತೀಯೆಂದು ವಿಚಾರಿಸಿದರು.

"ತಾತನ್ನ ಮಲಗಿಸ್ತೀನಿ" ಎಂದಳು ನಿಧಿ. "ಮುದ್ದೆ ಉಂಡು ಇಬ್ರೂ ಮಲಗ್ತೀವಿ. ಅಜ್ಜಿ ದೀಪ ಹಚ್ಚೋವಾಗ ಏಳ್ತೀವಿ."

ಇಲ್ಲಿ ಓದುಗರಿಗೆ ಸ್ವಲ್ಪ ವಿವರಣೆ ಅಗತ್ಯ. ನಮ್ಮ ಕಡೆಯ ಬಿಸಿಲಿನಲ್ಲಿ, ರಾಗಿಮುದ್ದೆ ಹೊಟ್ಟೆಗಿಳಿದ ಮೇಲೆ, ಎಚ್ಚರವಾಗಿರುವುದು ಸಾಮಾನ್ಯರಿಗೆ ಸಾಧ್ಯವಲ್ಲ. ಆದರೆ ಗಂಡಸು ಹಗಲು ಮಲಗಿದರೆ ನನ್ನಾಕೆ ಕೈಗೆ ಚೀಲ ಕೊಟ್ಟು ಅಂಗಡಿಗೆ ಅಟ್ಟುತ್ತಾಳೆ. ಮಗುವನ್ನು ಮಲಗಿಸುತ್ತಿದ್ದೇನೆ ಎಂಬುದೊಂದೇ ಆಕೆ ಒಪ್ಪುವ ಕಾರಣ. ಮಗುವಿಗೆ ನಿದ್ದೆ ಬಾರದ ದಿನಗಳಲ್ಲಿ, ಬರಲೆಂದು ತಟ್ಟುತ್ತಾ, ಅವಳಿಗಿಂತ ಮುಂಚೆ ನಾನೇ ಮಲಗಿದ್ದುಂಟು.

ಈಗ ನೋಡುವ ಸರದಿ ಅಳಿಯನದು. ವಸುಧಾ ಮಾತ್ರ ನೋಡಲಿಲ್ಲ, ತಲೆ ತಗ್ಗಿಸಿ, "ಅಲ್ಲಾ ಅಪ್ಪಾ, ಸಂಜೆವರ್ಗೂ ಮಲಗಿಸ್ತಿದ್ಯಾ?" ಎಂದಳು. ಅವಳ ಧ್ವನಿಯಲ್ಲಿ ಕೋಪವಿದ್ದಿದ್ದರೆ ಉತ್ತರಿಸುತ್ತಿದ್ದೆ. ಇದ್ದುದು ಬರೀ ಆಯಾಸ.

ನಸ್ರೀನ್ ನಗುವನ್ನು ನುಂಗಿಕೊಂಡರು. "ಸರ್, ಮಧ್ಯಾಹ್ನದ ಮೊದಲ್ನೇ ಪೀರಿಯಡ್‌ನಲ್ಲಿ ತೂಕಡಿಸಿದ್ದಕ್ಕೆ ನೀವು ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರಿ. ಈಗೇನ್ ಮಾಡೋಣ, ನೀವೇ ಹೇಳಿ."

ಡಬ್ಬಿ ಡಾಕ್ಟರ ಮೇಜಿನ ಮೇಲೆಯೇ ಉಳಿಯಿತು. ಅಳಿಯ ಅಂದಿನಿಂದ ಊಟವಾದೊಡನೆ ಟಿವಿ ಆರಿಸುತ್ತಾನೆ, ಅದೂ ನನ್ನನ್ನು ನೆನೆದು ನಗುತ್ತಾ ಎಂದು ಕೇಳಿದ್ದೇನೆ. ಮಗು ಹೊತ್ತಿಗೆ ಸರಿಯಾಗಿ ಮಲಗುತ್ತದೆ. ಮಗಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿದೆ. ಇತ್ತ ಮುದ್ದೆ ಉಂಡ ಮೇಲೆ ನಾನೂ ನಿಧಿಯೂ ಹಿತ್ತಲ ತೆಂಗಿನ ನೆರಳಿನಲ್ಲಿ ಶಾಲೆಯಾಟ ಆಡುತ್ತೇವೆ. ಅವಳು ಮೇಷ್ಟರು. ನನ್ನ ಕಣ್ಣೆವೆ ಜಗ್ಗಿದ ಕೂಡಲೇ "ತಾತ, ಎದ್ದು ನಿಂತ್ಕೋ" ಎನ್ನುತ್ತಾಳೆ, ನನ್ನದೇ ಧಾಟಿಯಲ್ಲಿ. ಕಲ್ಲುಬೆಂಚಿನ ಮೇಲೆ ನಾನು ಮೊದಲ ಬಾರಿಗೆ ಎದ್ದು ನಿಂತದ್ದು ೨೦೨೪ನೇ ಇಸವಿ ಜುಲೈ ೧೫ನೇ ತಾರೀಖು, ಸೋಮವಾರ.