ನನ್ನ ಮುಚ್ಚಳ ಸೋರುವುದಿಲ್ಲ!

ಲೋಕದಲ್ಲಿ ಜನ ವೈನು ಮಾಡುವುದಕ್ಕೆ ನಾನಾ ಕಾರಣಗಳಿರಬಹುದು. ನನಗಿದ್ದದ್ದು ಒಂದೇ: ಹೊಟ್ಟೆಕಿಚ್ಚು. ಶುದ್ಧ, ಕಲಬೆರಕೆಯಿಲ್ಲದ, ಮೊದಲ ದರ್ಜೆಯ ಹೊಟ್ಟೆಕಿಚ್ಚು!

ಕಿಚ್ಚು ಹಚ್ಚಿದವರು ಪಕ್ಕದ ಮನೆಯ ಪಿಟೀಲು ಮೇಷ್ಟ್ರು. ಒಂಟಿ ಮನುಷ್ಯ, ಮೆಲುದನಿ, ಈ ವಯಸ್ಸಿನಲ್ಲೂ ತಲೆ ತುಂಬ ಕೂದಲು. ಕೂದಲನ್ನು ನಾನು ಹೇಗೋ ಕ್ಷಮಿಸಿದ್ದೆ. ಆದರೆ ಅವರು ತಮ್ಮ ಹಿತ್ತಲಿನ ದ್ರಾಕ್ಷಿಯಿಂದ ವೈನು ಮಾಡಿ ನಮಗೊಂದು ಬಾಟಲಿ ಕೊಟ್ಟರು. ನನ್ನ ಹೆಂಡತಿ ಒಂದು ಗುಟುಕು ಕುಡಿದಳು, ಕಣ್ಣು ಮುಚ್ಚಿದಳು, ಆಮೇಲೆ ಉಸುರಿದಳು: “ಆಹಾ! ಏನ್ ಕೈ ಅವರದು!”

ಏನ್ ಕೈ! ಸ್ವಾಮಿ, ಮದುವೆಯಾದಾಗಿನಿಂದ ನನಗೂ ಕೈಗಳಿವೆ. ಅವು ನಲ್ಲಿ ರಿಪೇರಿ ಮಾಡಿವೆ, ಕಿಟಕಿಗೆ ಪರದೆ ಕಟ್ಟಿವೆ, ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಾಗ ಕಾಲು ಒತ್ತಿವೆ. ಅವುಗಳ ಬಗ್ಗೆ ಇದುವರೆಗೆ ಹೊರಬಿದ್ದ ಅಭಿಪ್ರಾಯ ಇಷ್ಟೇ: “ಕೈ ತೊಳ್ಕೊಂಡ್ ಬನ್ನಿ.”

“ದ್ರಾಕ್ಷಿ ನಮ್ಮ ಹಿತ್ತಲಲ್ಲೂ ಇದೆ,” ಎಂದೆ.

“ಇದೆ. ಹಕ್ಕಿಗಳಿಗೆ.”

“ನಾನೂ ವೈನ್ ಮಾಡ್ತೀನಿ. ಅದನ್ನ ಕುಡಿದ್ಮೇಲೆ ಇದನ್ನ ನೀನೇ ಗಿಡಕ್ಕೆ ಸುರೀತೀಯ!”

“ಮೊದ್ಲು ಒಂದು ಟೀ ಮಾಡಿ. ಅದನ್ನ ನೋಡಿ ಮುಂದಿಂದು ಯೋಚ್ನೆ ಮಾಡೋಣ.”

ಅಲ್ಲೇ, ಟೀ ಪಾತ್ರೆಯೇ ಸಾಕ್ಷಿಯಾಗಿ ನಾನು ಘೋರ ಪ್ರತಿಜ್ಞೆ ಕೈಗೊಂಡೆ. ಗುಟ್ಟಾಗಿ ವೈನು ಮಾಡಬೇಕು. ಮೇಷ್ಟ್ರನ್ನು ಊಟಕ್ಕೆ ಕರೆಯಬೇಕು. ಅವರ ಎದುರಿಗೇ ನನ್ನ ಹೆಂಡತಿ ನನ್ನ ವೈನು ಕುಡಿದು ಕಣ್ಣು ಮುಚ್ಚಬೇಕು, ‘ಏನ್ ಕೈ!’ ಎನ್ನಬೇಕು. ಆಮೇಲೆ ನನ್ನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲು ಉದುರಿದರೂ ಚಿಂತೆಯಿಲ್ಲ.

ಅವಳು ಡ್ಯೂಟಿಗೆ ಹೋದ ಮೇಲೆ ಸ್ಟೂಲು ಹತ್ತಿ ದ್ರಾಕ್ಷಿ ಕೀಳುತ್ತಿದ್ದೆ. ಗೋಡೆಯಾಚೆ ಮೊದಲು ಕೂದಲು ಕಾಣಿಸಿತು, ಆಮೇಲೆ ಮೇಷ್ಟ್ರು.

“ವೈನ್‌ಗಾ? ಬಹಳ ಸಂತೋಷ. ಒಂದೇ ಮಾತು ಹೇಳ್ತೀನಿ. ಭರಣಿ ಮುಚ್ಚಳ ಮಾತ್ರ ಬಿಗಿ ಮಾಡ್ಬೇಡಿ. ಒಳಗೆ ಗಾಳಿ ಏಳುತ್ತೆ, ಅದು ಹೊರಗೆ ಹೋಗ್ಬೇಕು.”

ಯಾರಿಗೆ ಹೇಳುತ್ತಿದ್ದಾರೆ ನೋಡಿ! ನಾನು ಮುಚ್ಚಳದ ಫ್ಯಾಕ್ಟರಿಯಲ್ಲಿ ತಪಾಸಣೆಯ ಮುಖ್ಯಸ್ಥ. ಮುಚ್ಚಳ ಹಾಕಿದ ಬಾಟಲಿಯನ್ನು ತಲೆಕೆಳಗು ಮಾಡಿ, ಕುಲುಕಿ, ನೀರಲ್ಲಿ ಮುಳುಗಿಸಿ, ಒಂದೇ ಒಂದು ಗುಳ್ಳೆ ಎದ್ದರೂ ಇಡೀ ಪೆಟ್ಟಿಗೆಯನ್ನು ವಾಪಸ್ಸು ಅಟ್ಟುವವನು. ಸೋರುವ ಮುಚ್ಚಳ ಕಂಡ ದಿನ ನನಗೆ ಊಟ ಸೇರುವುದಿಲ್ಲ. ನಾನು ಸಡಿಲ ಬಿಡಬೇಕಂತೆ! ಅವರ ಒಳಸಂಚು ನನಗೆ ತಕ್ಷಣ ಹೊಳೆಯಿತು. ನನ್ನ ವೈನು ಕೆಟ್ಟು ಹುಳಿಯಾಗಲಿ, ನಾನು ನಗೆಪಾಟಲಾಗಲಿ, ‘ಏನ್ ಕೈ’ ಎಂಬ ಪಟ್ಟ ಶಾಶ್ವತವಾಗಿ ಆ ಕೈಗೇ ಉಳಿಯಲಿ! ಎಂಥಾ ಮೆತ್ತನೆಯ ಪಿತೂರಿ!

“ಖಂಡಿತ ಮೇಷ್ಟ್ರೇ, ಸಡಿಲವಾಗೇ ಬಿಡ್ತೀನಿ,” ಎಂದು ಹಲ್ಲು ಕಿರಿದೆ. ದ್ರಾಕ್ಷಿಯನ್ನು ಹಿಸುಕಿ, ಸಕ್ಕರೆ, ಈಸ್ಟು ಬೆರೆಸಿ, ದೊಡ್ಡ ಗಾಜಿನ ಭರಣಿಗೆ ತುಂಬಿ, ನೆಟ್ಟಗೆ ಫ್ಯಾಕ್ಟರಿಗೆ ಹೊತ್ತೊಯ್ದೆ.

“ಒಳಗೇನು ಸಾರ್?” ಎಂದ ಸೀಲು ಒತ್ತುವ ಯಂತ್ರದವನು.

“ಜಾಮು.”

“ಎಷ್ಟು ಬಿಗಿ ಬೇಕು?”

“ಅಲ್ಲೊಂದು ಮುಚ್ಚಳ ಇದೆ ಅಂತ ಗಾಳಿಗೂ ಗೊತ್ತಾಗ್ಬಾರ್ದು, ಅಷ್ಟು!”

ಅವನು ಒತ್ತಿದ. ನನಗೆ ಸಮಾಧಾನವಾಗಲಿಲ್ಲ. ಮೇಷ್ಟ್ರ ಮುಖ ನೆನೆಸಿಕೊಂಡು ಇನ್ನೊಮ್ಮೆ ಒತ್ತಿಸಿದೆ.

ಮನೆಯಲ್ಲಿ ಕತ್ತಲಾಗಿ ಬೆಚ್ಚಗಿರುವ ಜಾಗವೆಂದರೆ ಹೆಂಡತಿಯ ಬಟ್ಟೆ ಬೀರು. ಅವಳು ಮಕ್ಕಳ ವಾರ್ಡಿನ ನರ್ಸು. ಇಸ್ತ್ರಿ ಮಾಡಿ ತೂಗುಹಾಕಿದ ಅವಳ ಬಿಳಿ ಸಮವಸ್ತ್ರಗಳ ಹಿಂದೆ, ಹಳೆಯ ಕಂಬಳಿಯ ಮರೆಯಲ್ಲಿ ಭರಣಿಯನ್ನು ಕೂರಿಸಿದೆ. ಬೀರುವಿನ ಒಳಗೆ ದ್ರಾಕ್ಷಿ ಕುದಿಯುತ್ತಿತ್ತು, ಹೊರಗೆ ನಾನು. ಸಂಜೆ ಪಕ್ಕದ ಮನೆಯಲ್ಲಿ ಪಿಟೀಲು ಶುರುವಾದರೆ ಅವಳು ಕಿಟಕಿ ತೆರೆಯುತ್ತಿದ್ದಳು, ನಾನು ಮುಚ್ಚುತ್ತಿದ್ದೆ.

“ಯಾಕೆ ಮುಚ್ತೀರಿ?”

“ಸೊಳ್ಳೆ.”

“ಒಂದೂ ಇಲ್ಲ.”

“ಬರೋಕೆ ಮುಂಚೇನೇ ಮುಚ್ಬೇಕು. ಅದೇ ನನ್ನ ಕಸುಬು!”

ಒಳ್ಳೆಯ ವೈನಿಗೆ ತಾಳ್ಮೆ ಬೇಕಂತೆ. ಹೊಟ್ಟೆಕಿಚ್ಚಿಗೆ ಅದೆಲ್ಲಿಂದ ಬರಬೇಕು? ಅದೇ ವಾರ ಮೇಷ್ಟ್ರನ್ನು ಊಟಕ್ಕೆ ಕರೆದುಬಿಟ್ಟೆ. ಅವರು ಬಂದರು, ಕೂತರು, ಸಾರಿಗೆ ಉಪ್ಪು ಹದವಾಗಿದೆ ಎಂದರು. ಹೆಂಡತಿ ನಾಚಿಕೊಂಡಳು. ಉಪ್ಪು ತಂದವನು ನಾನು! ಇನ್ನು ತಡೆಯಲಾರದೆ ಎದ್ದು ನಿಂತೆ.

“ಮಹನೀಯರೇ! ಈ ದಿನ, ಈ ಮೇಜಿನ ಮೇಲೆ, ಒಂದು ಇತಿಹಾಸ...”

ಢಮಾರ್!

ತಟ್ಟೆಗಳು ಕುಣಿದವು. ಹೆಂಡತಿ ಚೀರಿದಳು. ಮೇಷ್ಟ್ರು ಮಾತ್ರ ಚಮಚ ಕೆಳಗಿಟ್ಟು, ಮೆಲ್ಲಗೆ ನನ್ನ ಕಡೆ ತಿರುಗಿ, “ಬಿಗಿ ಮಾಡಿದ್ರಾ?” ಎಂದರು.

ಮಲಗುವ ಕೋಣೆಗೆ ಓಡಿದೆವು. ಬೀರುವಿನ ಬಾಗಿಲ ಕೆಳಗಿಂದ ನೇರಳೆ ಬಣ್ಣದ ಹೊಳೆ ಹರಿದು ಬರುತ್ತಿತ್ತು. ಹೆಂಡತಿ ಬಾಗಿಲು ತೆಗೆದಳು. ಗಾಜಿನ ಚೂರೆಲ್ಲ ಕಂಬಳಿಗೆ ಸಿಕ್ಕಿಕೊಂಡಿತ್ತು, ಆದರೆ ಬಿಳಿ ಸಮವಸ್ತ್ರಗಳಲ್ಲಿ ಬಿಳಿ ಇರಲಿಲ್ಲ. ಒಂದೊಂದು ತೋಳಿನಿಂದಲೂ ತೊಟತೊಟ ವೈನು ಸುರಿಯುತ್ತಿತ್ತು. ಮೇಲಿನ ಹಲಗೆಯಿಂದ ಒಂದು ಹನಿ ಅವಳ ತುಟಿಯ ಮೇಲೆ ಬಿತ್ತು. ಗೊತ್ತಿಲ್ಲದೆಯೇ ಚಪ್ಪರಿಸಿದಳು. ಕಣ್ಣು ಮುಚ್ಚಿದಳು.

“ಆಹಾ! ಮೇಷ್ಟ್ರೇ, ಇದು ನಿಮ್ಮದಕ್ಕಿಂತ ಚೆನ್ನಾಗಿತ್ತಲ್ಲಾ!”

ಇತ್ತು! ಆದರೇನು, ಹೇಳಿದಳಲ್ಲ! ಅದೂ ಅವರ ಎದುರಿಗೇ!

“ನಾನು ಮಾಡಿದ್ದು ಕಣೇ! ನಾನೇ!” ಎಂದು ಎದೆ ತಟ್ಟಿಕೊಂಡೆ.

ಅವಳು ಕಣ್ಣು ತೆರೆದಳು. ಅದೊಂದು ಬೇಡವಾಗಿತ್ತು.

“ನನ್ನ ಬೀರು ನಿಮಗೆ ಗೋಡೌನಾ? ನಾಳೆ ಏನ್ ಹಾಕ್ಕೊಂಡು ಹೋಗ್ಲಿ ನಾನು? ಅದ್ಯಾಕೆ ಹಿಂಗೆ ಒಡೀತು?”

ನನ್ನನ್ನು ಕಾಪಾಡಲೆಂದು ಮೇಷ್ಟ್ರು ನಡುವೆ ಬಂದರು. “ಪಾಪ, ಮರೆತಿರ್ಬೇಕು ಅವರು. ಮುಚ್ಚಳ ಸಡಿಲ ಬಿಡಿ ಅಂದಿದ್ದೆ.”

“ಮೊದ್ಲೇ ಹೇಳಿದ್ರಾ? ಎಂಥಾ ಒಳ್ಳೆ ಮನಸ್ಸು ನಿಮ್ದು!”

ಕೈ ಆಯಿತು, ಈಗ ಮನಸ್ಸು! ನಾನು ಗಾಬರಿಯಿಂದ ಭರಣಿಯ ಮುರಿದ ಕತ್ತನ್ನು ಎತ್ತಿ ಹಿಡಿದೆ. “ಇಲ್ನೋಡು! ಭರಣಿ ಚೂರುಚೂರು. ನನ್ನ ಮುಚ್ಚಳ ಒಂದಿಷ್ಟಾದ್ರೂ ಅಲ್ಲಾಡಿದ್ಯಾ? ಒಂದು ಹನಿ ಸೋರಿದ್ಯಾ?”

ಯಾರೂ ನೋಡಲಿಲ್ಲ. ಮೇಷ್ಟ್ರು ಒಂದು ಸಮವಸ್ತ್ರವನ್ನು ಬೆಳಕಿಗೆ ಹಿಡಿದಿದ್ದರು. “ಕಲೆ ಹೋಗೋದು ಕಷ್ಟಮ್ಮ. ಪೂರ್ತಿ ಬಟ್ಟೆಗೇ ಇದೇ ಬಣ್ಣ ಹಾಕ್ಬಿಡೋಣ. ನನ್ನ ಹತ್ರ ದ್ರಾಕ್ಷಿ ಸಿಪ್ಪೆ ಇದೆ.” ಇಬ್ಬರೂ ಹಿತ್ತಲಿನಲ್ಲಿ ಟಬ್ಬು ಇಟ್ಟುಕೊಂಡು, ಬಟ್ಟೆ ಅದ್ದಿ ಹಿಂಡುತ್ತಾ ನಕ್ಕರು. ನಾನು ಒಳಗೆ ನೆಲ ಒರೆಸಿದೆ. ಪ್ರತಿಯೊಂದು ನಗೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು.

ಮರುದಿನ ಸಂಜೆ ಅವಳು ತಿಳಿನೇರಳೆ ಬಣ್ಣದಲ್ಲಿ ಮಿಂಚುತ್ತಾ ಮನೆಗೆ ಬಂದಳು.

“ರೀ, ವಾರ್ಡಲ್ಲಿ ಮಕ್ಕಳೆಲ್ಲ ‘ದ್ರಾಕ್ಷಿ ಆಂಟಿ’ ಅಂತ ಸುತ್ಕೊಂಡ್ಬಿಟ್ವು! ಇಂಜೆಕ್ಷನ್‌ಗೂ ಅಳಲಿಲ್ಲ. ದೊಡ್ಡ ಡಾಕ್ಟ್ರು ಸಹ ಕೇಳಿದ್ರು, ಯಾರಮ್ಮ ಬಣ್ಣ ಹಾಕಿದ್ದು ಅಂತ.”

ನಾನು ಅವಳ ಹತ್ತಿರಕ್ಕೆ ಸರಿದೆ. “ಏನಂದೆ?”

“ಪಕ್ಕದ್ಮನೆ ಮೇಷ್ಟ್ರು ಅಂದೆ. ‘ಏನ್ ಕೈ ರೀ ಅವರದು!’ ಅಂದ್ರು.”

“ವೈನ್ ನಂದು ಕಣೇ!” ಎಂದೆ. ದನಿ ನನಗೇ ಕೇಳಿಸಲಿಲ್ಲ. “ನನ್ನ ಬಗ್ಗೆ ಒಂದು ಮಾತೂ ಹೇಳಲಿಲ್ವಾ?”

“ಅಯ್ಯೋ, ಬಿಡ್ತೀನಾ?” ಅವಳು ಪ್ರೀತಿಯಿಂದ ನನ್ನ ಬೋಳು ತಲೆ ಸವರಿದಳು. “ನಿಮ್ಮನ್ನೂ ಹೊಗಳ್ದೆ. ನಮ್ಮನೆಯವರು ಮುಚ್ಚಳ ಹಾಕಿದ್ರೆ ಮುಗೀತು, ಮನೆಯೇ ಸಿಡಿದು ಹೋದ್ರೂ ಅದು ಬಿಚ್ಚಲ್ಲ ಅಂತ!”