ಪರವೂರಿನ ಪಾದ್ರಿ

ಎಲ್ಲಕ್ಕೂ ಮೂಲ, ಪೆನಿಯಾಮಿನಾನಿಗೆ ಹೆಂಡತಿ ಇಲ್ಲದ್ದು.

ಹೊರದೇಶದ ಸುವಾ ಪಟ್ಟಣದಲ್ಲಿ ದೇವಶಾಸ್ತ್ರದ ಎಂ.ಎ. ಮುಗಿಸಿ ಸಮೋವಾಕ್ಕೆ ಮರಳಿದ ಮೇಲೆ ಒಂದೂರೂ ಅವನನ್ನು ಪಾದ್ರಿಯಾಗಿ ಕರೆದಿರಲಿಲ್ಲ. ಕರೆದರೆ ಮನೆ, ಮರ್ಯಾದೆ, ಊರವರ ಬಲೆಗೆ ಬಿದ್ದ ಮೊದಲ ಮೀನಿನ ಕಾಣಿಕೆ. ಕರೆಯದಿದ್ದರೆ ಗ್ರೀಕ್ ಕಲಿತ ತಲೆ ಹೊತ್ತು ಅಣ್ಣನ ಹಂದಿಗಳಿಗೆ ಮುಸುರೆ ಹಾಕುವುದು. ಈಗ ವೈಮೂಲಿ ಎಂಬ ಊರಿನ ಹಿರಿಯರು ನೋಡಬೇಕೆಂದು ಕರೆಸಿದ್ದರು.

ಬೆಳಿಗ್ಗೆ ಅವರೆದುರು ಚಾಪೆಯ ಮೇಲೆ ಕೂತು, ತನ್ನ ಎಂ.ಎ. ಪ್ರಬಂಧವನ್ನೆಲ್ಲ ಒಪ್ಪಿಸಿದ. ಪಾದ್ರಿ ಪರವೂರಿನವನೇ ಆಗಿರಬೇಕು, ಊರಲ್ಲಿ ನೆಂಟರಿದ್ದವನು ಜಮೀನಿನ ಜಗಳಕ್ಕೆ ನ್ಯಾಯ ಹೇಳಲಾರ, ನಮ್ಮ ಈ ಪದ್ಧತಿ ಬಲು ದೊಡ್ಡದು ಎಂದೆಲ್ಲ. ಹಿರಿಯರು ತಲೆದೂಗಿದರೋ ತೂಕಡಿಸಿದರೋ ತಿಳಿಯಲಿಲ್ಲ.

"ಎಲ್ಲಾ ಸರಿ ಕಣಪ್ಪಾ," ಎಂದರು ಊರ ಮುಖ್ಯಸ್ಥ ತುಯಾಲಾ. "ನಿನ್ ಹೆಂಡ್ತಿ ಎಲ್ಲಿ?"

"ಮದ್ವೆ ಆಗಿಲ್ಲ, ಹಿರಿಯರೇ."

"ಮತ್ತೆ ಹೆಂಗಸ್ರ ಸಂಘ ನಡ್ಸೋರ್ಯಾರು, ನಿನ್ ಗ್ರೀಕಾ? ಸಮೂ ಅನ್ನೋನು ಹೆಂಡ್ತಿ ಸಮೇತ ಬಂದವ್ನೆ. ಸಂಜೆ ಹೇಳ್ತೀವಿ, ಹೋಗು."

ಪೆನಿಯಾಮಿನಾನ ಮೈಯೆಲ್ಲ ಉರಿದುಹೋಯಿತು. ಸಮೂ ಇವನ ಸಹಪಾಠಿ. ಗ್ರೀಕ್ ಪರೀಕ್ಷೆಯಲ್ಲಿ ಇವನ ಹಾಳೆ ಇಣುಕಿ ಪಾಸಾದ ದಂಡಪಿಂಡ. ಅಂಥವನಿಗೆ ಪಾದ್ರಿಗಿರಿ, ತನಗೆ ಹಂದಿ! ಹೊರಗೆ ಬಿದ್ದಿದ್ದ ದೀವಿಹಲಸಿನ ಕಾಯಿಗೆ ಸಿಟ್ಟಿನಿಂದ ಒದ್ದ. ಕಾಯಿ ಅಲ್ಲೇ ಇತ್ತು, ಹೆಬ್ಬೆರಳು ಊದಿತು.

ಪಕ್ಕದ ಮನೆಯ ಒಲೆಯ ಬಳಿ ಕೂತಿದ್ದ ಹೆಂಗಸೊಬ್ಬಳು ಕರೆದು ಕೂರಿಸಿ ಕತೆ ಕೇಳಿದಳು.

"ಇಷ್ಟೇ ತಾನೇ? ನನ್ ಮಗಳು ಲೂಪೆ ಇದಾಳಲ್ಲ."

ಲೂಪೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ತೆಂಗಿನಕಾಯಿ ತುರಿಯೋಕೆ ಬರುತ್ತಾ?"

ಇದೆಂಥ ಪ್ರಶ್ನೆ ಎಂದು ಯೋಚಿಸುವಷ್ಟು ಸಮಾಧಾನ ಅವನಿಗೆಲ್ಲಿತ್ತು? ಸಮೂನ ಮುಖಕ್ಕೆ ಮಸಿ ಬಳಿದರೆ ಸಾಕಿತ್ತು. "ಬರುತ್ತೆ," ಎಂದ.

ಅಕ್ಕಪಕ್ಕದವರು ಓಡಿಬಂದರು. ಒಬ್ಬಳು ಹೂಮಾಲೆ ಹಾಕಿದಳು, ಒಬ್ಬ ಕುಂಟುವ ಕಾಲು ನೀವಿದ, ಇನ್ನೊಬ್ಬ ಪ್ರಾರ್ಥನೆ ಮಾಡಿಯೇಬಿಟ್ಟ. ಮಧ್ಯಾಹ್ನದೊಳಗೆ ನಿಶ್ಚಿತಾರ್ಥ ಮುಗಿಯಿತು. ಸಂಜೆ ಲೂಪೆಯ ಕೈ ಹಿಡಿದು ಕುಂಟುತ್ತಲೇ ಹಿರಿಯರೆದುರು ನಿಂತ.

"ಸಂತೋಷ ಕಣಪ್ಪಾ," ಎಂದರು ತುಯಾಲಾ. "ಇನ್ಮೇಲೆ ನೀನು ನಮ್ಮೂರ ಅಳಿಯ."

"ಹಾಗಾದ್ರೆ ಕೆಲಸ ನಂದೇ?"

"ಅದ್ಹೆಂಗಾಗುತ್ತೆ? ಊರಲ್ಲಿ ನೆಂಟರಿರೋನು ಪಾದ್ರಿ ಆಗಬಾರ್ದು ಅಂತ ಬೆಳಿಗ್ಗೆ ನೀನೇ ಅಷ್ಟೊತ್ತು ಹೇಳ್ದೆ. ನಾವೇನು ನಿದ್ದೆ ಮಾಡ್ತಿದ್ವಿ ಅಂದ್ಕೊಂಡ್ಯಾ?"

"ಆ ಪ್ರಬಂಧ ಪೂರ್ತಿ ತಪ್ಪು, ಹಿರಿಯರೇ."

"ಎಂ.ಎ. ಓದಿದೋನು ಹಂಗೆಲ್ಲ ಅನ್ಬಾರ್ದು."

ಅಡುಗೆ, ಚಾಕರಿಯೆಲ್ಲ ಅಳಿಯನದೇ ಎಂಬುದು ಅಲ್ಲಿನ ವಾಡಿಕೆ; ಕತ್ತಲಾಗುವ ಮುಂಚೆ ಊರ ಹೊಸ ಅಳಿಯ ಕಾಯಿ ತುರಿದು, ಒಲೆ ಊದಿ, ಕಣ್ಣೀರು ಹೊಗೆಯದೋ ಹೊಟ್ಟೆಯುರಿಯದೋ ತಿಳಿಯದೆ, ಮೊದಲ ಮೀನನ್ನು ಹೊತ್ತು ಪಾದ್ರಿಯ ಮನೆಗೆ ಹೋದ. ಸಮೂ ತಟ್ಟೆ ತೆಗೆದುಕೊಂಡು ಪಕ್ಕಕ್ಕೆ ಸರಿದು ಕೂತ.

"ಬಾರೋ, ಕೂತ್ಕೋ. ನಾಳೆ ಪ್ರಸಂಗದಲ್ಲಿ ಒಂದ್ ಗ್ರೀಕ್ ಪದ ಇದೆ, ಅರ್ಥ ಹೇಳಿ ಹೋಗು."

ಅಷ್ಟರಲ್ಲಿ ಬೀದಿಯಿಂದ ಅತ್ತೆಯ ದನಿ ಕೇಳಿಸಿತು. "ಅಳಿಯಂದ್ರೇ, ಬೇಗ ಬನ್ನಿ. ಹಂದಿಗಳಿಗಿನ್ನೂ ಮುಸುರೆ ಹಾಕಿಲ್ಲ."