ಒಂದೇ ಹುಬ್ಬಿನಲ್ಲಿ ಮದುವೆಗೆ

ಮುಖ ನಮ್ಮದೇ ಆದರೂ ಅದನ್ನು ದಿನವಿಡೀ ನೋಡಬೇಕಾದ ಕರ್ಮ ಊರಿನವರದ್ದು. ಊರಿನ ಮೇಲಿನ ಆ ಕರುಣೆಯಿಂದಲೇ ನಾನು ಆಗಾಗ ಸಿದ್ಧಕಟ್ಟೆಯ ಬಸ್‌ಸ್ಟಾಪಿನ ಎದುರಿಗಿರುವ ಯಶೋದಕ್ಕನ ಪಾರ್ಲರಿಗೆ ಹೋಗಿ ಐಬ್ರೋ ಮಾಡಿಸಿಕೊಳ್ಳುತ್ತೇನೆ. ಪಾರ್ಲರ್ ಎಂದರೆ ಒಂದು ಕೋಣೆ, ಒಂದು ಕುರ್ಚಿ, ಒಂದು ಬೆಂಚು. ಕುರ್ಚಿಯಲ್ಲಿ ಕೂತವಳು ಗಿರಾಕಿ, ಎರಡೂ ಕೈಯಲ್ಲಿ ಹುಬ್ಬು ಎಳೆದು ಹಿಡಿದು ಕಣ್ಣು ಮುಚ್ಚಿಕೊಂಡಿರಬೇಕು. ಬೆಂಚಿನಲ್ಲಿ ಬಸ್ಸಿಗೆ ಕಾಯುವವರು, ಮಗು ಮಲಗಿಸುವವರು, ಅತ್ತೆಯ ಮೇಲೆ ದೂರಿರುವ ಸೊಸೆ, ಪಕ್ಕದಲ್ಲೇ ಆ ಅತ್ತೆ. ಹುಬ್ಬಿನ ಕೂದಲು ಕೀಳುವ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುವುದರಿಂದ ಅಲ್ಲಿ ಮಾತಾಡದವರು ಯಶೋದಕ್ಕ ಒಬ್ಬರೇ. ಯಾರ ದುಃಖಕ್ಕಾದರೂ ಅವರದು “ಹ್ಞೂಂ” ಎಂಬುದೊಂದೇ ಉತ್ತರ. ಅಷ್ಟಕ್ಕೇ ಎಲ್ಲರಿಗೂ ಸಮಾಧಾನವಾಗುತ್ತದೆ.

ಮೊನ್ನೆ ಮೂಡುಬಿದಿರೆಯಲ್ಲಿ ನಾದಿನಿಯ ಮಗಳ ಮದುವೆ. ಗಂಡ ಹಿಂದಿನ ದಿನವೇ ಹೋಗಿದ್ದರು. ನಾದಿನಿಯೋ ಪಾಯಸದ ಗೋಡಂಬಿಯಲ್ಲೂ ಕೊಂಕು ಹುಡುಕುವವಳು, ಅವಳೆದುರು ಪೊದೆ ಹುಬ್ಬಿನಲ್ಲಿ ನಿಲ್ಲುವ ಧೈರ್ಯ ನನಗಿಲ್ಲ. ಬೆಳಿಗ್ಗೆಯೇ ಸೀರೆಯುಟ್ಟು ಬಂದು ಕುರ್ಚಿ ಹಿಡಿದೆ. ಬಲಹುಬ್ಬು ಮುಗಿದಿತ್ತಷ್ಟೆ, ಯಶೋದಕ್ಕ ಬಾಯಿಂದ ದಾರ ಬಿಟ್ಟು, “ಬಸ್ ಬತ್ತ್ಂಡ್! ಬಸ್ಸು ಬಂತು!” ಎಂದು ಕೂಗಿದರು. ಬೆಂಚಿಗೆ ಬೆಂಚೇ ಎದ್ದಿತು. ಒಬ್ಬಳು ನನ್ನ ಚೀಲ ಹೊತ್ತಳು. ಇನ್ನೊಬ್ಬಳು ದೇವರಿಗೆಂದು ಕೊಂಡ ಮಲ್ಲಿಗೆಯನ್ನು ನನ್ನ ಜಡೆಗೆ ಸಿಕ್ಕಿಸಿದಳು. ಅತ್ತೆ-ಸೊಸೆ ಜಗಳ ಮರೆತು ಒಟ್ಟಾಗಿ ಬಸ್ಸಿಗೆ ಅಡ್ಡ ನಿಂತರು. “ಒಂದು ನಿಮಿಷ, ಇದೊಂದು...” ಎಂದೆ. “ಎಂತ ಒಂದು ನಿಮಿಷ? ಮೊದಲು ಹತ್ತಿ ಅಕ್ಕ!” ಎಂದು ನನ್ನನ್ನು ಎತ್ತಿ ಹಾಕಿಯೇಬಿಟ್ಟರು.

ಮದುವೆ ಹಾಲ್‌ನಲ್ಲಿ ಹಣೆಗೆ ಕೈ ಹಚ್ಚಿಕೊಂಡೇ ತಿರುಗಿದೆ. ಕಂಡಕಂಡವರೆಲ್ಲ ತಲೆನೋವಾ ಎಂದು ಕೇಳತೊಡಗಿದ ಮೇಲೆ ಕೈ ತೆಗೆದೆ. ನಾದಿನಿ ನನ್ನ ಬಳೆ ನೋಡಿದಳು, ಸೆರಗು ಮುಟ್ಟಿದಳು, ಮುಖದವರೆಗೆ ಬರಲೇ ಇಲ್ಲ. ಗಂಡನೆದುರು ಬೆಳಕಿಗೆ ಮುಖವೊಡ್ಡಿ, “ಎಂತಾದ್ರೂ ಕಾಣ್ತದಾ?” ಎಂದೆ. “ಸೀರೆ ಹೊಸತಾ?” ಎಂದರು. ಅದು ಅವರ ತಾಯಿಯ ಸೀರೆ. ಇಷ್ಟು ವರ್ಷ ಯಾರಿಗಾಗಿ ಕಣ್ಣೀರು ಸುರಿಸಿ ಹುಬ್ಬು ಕೀಳಿಸಿಕೊಂಡೆ ಎಂದು ನನಗೆ ಅಳುವಷ್ಟು ಸಿಟ್ಟು ಬಂತು.

ಊಟದ ಹೊತ್ತಿಗೆ ಯಶೋದಕ್ಕ ಏದುಸಿರು ಬಿಡುತ್ತ ಬಂದರು, ಕೈಯಲ್ಲಿ ದಾರದ ಉಂಡೆ. “ನಿಮ್ಮನ್ನು ಹೀಗೆ ಅರ್ಧದಲ್ಲಿ ಕಳಿಸಿ ನನಗೆ ಗಂಟಲಲ್ಲಿ ಅನ್ನ ಇಳೀತದಾ ಮಾರಾಯ್ತಿ? ಅಂಗಡಿ ಬೆಂಚಿನವರಿಗೆ ಬಿಟ್ಟು ಬಂದೆ” ಎಂದು ನನ್ನನ್ನು ಕೈತೊಳೆಯುವ ಜಾಗದ ಗೋಡೆಗೆ ಒರಗಿಸಿ ದಾರ ಕಚ್ಚಿದರು. ನಾದಿನಿ ಬಂದಾಳೆಂಬ ಹೆದರಿಕೆಗೆ ನಾನು ಒಂದು ಕಣ್ಣು ತೆರೆದೇ ಇದ್ದೆ. ಆಗ ಕಂಡಿತು: ಊರಿನ ಹುಬ್ಬನ್ನೆಲ್ಲ ತಿದ್ದುವ ಯಶೋದಕ್ಕನ ಸ್ವಂತ ಹುಬ್ಬು ಕಾಡಿನ ಹಾಗೆ ಬೆಳೆದಿತ್ತು.

“ನಿಮ್ಮದು ಯಾರು ಮಾಡುವುದು ಯಶೋದಕ್ಕ?”

“ಹ್ಞೂಂ” ಎಂದರು.

ಸಂಜೆ ಬಸ್ಸಿನಲ್ಲಿ ಗಂಡ ನನ್ನನ್ನು ದಿಟ್ಟಿಸಿ, “ನಿನ್ನ ಮುಖ ಯಾಕೋ ಒಂಥರಾ ಉಂಟಲ್ಲ, ಹುಷಾರಿಲ್ಲವಾ?” ಎಂದರು. ಎರಡೂ ಹುಬ್ಬು ಸಮವಾದ ಮೇಲೆ! ಬೈಯಲು ಬಾಯಿ ತೆರೆದೆ. ಆದರೆ ಎದುರು ಸೀಟಿನಲ್ಲಿ ಯಶೋದಕ್ಕ ತೂಕಡಿಸುತ್ತಿದ್ದರು. ಇಷ್ಟು ವರ್ಷ ಅವರ ಮುಖ ನೋಡದ ನಾನು ಯಾವ ಬಾಯಲ್ಲಿ ಬೈಯಲಿ?

“ಹ್ಞೂಂ” ಎಂದೆ.